ಟಪಾಲು ದಾರಿಯ ಮೂರನೆಯ ತುಂಡು

ಸೊಸೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ದೀಪದ ಕೆಳಗೆ ಬಗ್ಗಿ ಕೂತು, ಯಾರದೋ ಬಾಯಿಗೆ ಹೊಂದಬೇಕಾದ ಹಲ್ಲನ್ನು ಮೇಣದಲ್ಲಿ ತಿದ್ದಿ ತೀಡುವ ಕೆಲಸ. ಕತ್ತು ಹಿಡಿದುಕೊಂಡಾಗ ಡಾಕ್ಟರು ಚೆನ್ನಾಗಿ ನಡೆಯಿರಿ ಎಂದು ಹೇಳಿದ ಮೇಲೆ ಅವಳಿಗೆ ಟಪಾಲು ದಾರಿಯ ಹುಚ್ಚು ಹತ್ತಿತು. ರೈಲು ಬರುವ ಮೊದಲು ಕಾಗದದ ಚೀಲ ಹೊತ್ತವರು ಬೆಟ್ಟಸಾಲು ದಾಟುತ್ತಿದ್ದ ಹಳೆಯ ದಾರಿ ಅದು. ಪೂರ್ತಿ ನಡೆಯಲು ವಾರಗಟ್ಟಲೆ ಬೇಕು. ಅಷ್ಟು ರಜೆ ಯಾರು ಕೊಡುತ್ತಾರೆ? ವರ್ಷಕ್ಕೊಂದು ತುಂಡು ನಡೆಯೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಮೊದಲ ತುಂಡಿನಲ್ಲೇ ಗಂಡನ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಬಸ್ಸು ಹೋಗದ ಜಾಗಕ್ಕೆ ಈ ಜನ್ಮದಲ್ಲಿ ಇನ್ನು ಬರುವುದಿಲ್ಲ ಎಂದು ಅವನು ಕೈಮುಗಿದುಬಿಟ್ಟ.

ಊಟದ ಮೇಜಿನಲ್ಲಿ ಈ ಮಾತು ನಡೆದಾಗ ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನಾನು ಬರ್ತೀನಿ" ಎಂದರು. ಸೊಸೆ ತಮಾಷೆ ಎಂದುಕೊಂಡು ನಕ್ಕಳು. ಮರುದಿನ ಅತ್ತೆ ಬೂಟು ಕೊಂಡು ತಂದರು.

ಅತ್ತೆ ನಿವೃತ್ತಿಯಾಗುವವರೆಗೂ ಕಾರು ಓಡಿಸುವುದನ್ನು ಕಲಿಸುತ್ತಿದ್ದವರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಅರ್ಧ ಊರಿನ ಕೈಗೆ ಸ್ಟೇರಿಂಗು ಹಿಡಿಸಿದ್ದರು. ಆ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಹಾಲು ಉಕ್ಕುವ ಮುಂಚೆ "ಒಲೆ" ಎನ್ನುವರು, ಬಾಗಿಲಿಗೆ ಬೆರಳು ಸಿಕ್ಕುವ ಮುಂಚೆ "ಕೈ" ಎನ್ನುವರು. ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಕೆಟ್ಟವರೇನಲ್ಲ. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ಇಬ್ಬರ ನಡುವಿನ ಮಾತು ಮಗನ ಮೂಲಕವೇ ಓಡಾಡುತ್ತಿತ್ತು. ಎರಡನೆಯ ತುಂಡನ್ನು ಅತ್ತೆ ಸೊಸೆ ಹೆಚ್ಚುಕಡಿಮೆ ಬಾಯಿ ಬಿಡದೆಯೇ ನಡೆದು ಮುಗಿಸಿದ್ದರು.

ಮೂರನೆಯ ತುಂಡು ಎರಡು ಶಿಖರಗಳ ನಡುವಿನ ಕಂಡಿಯನ್ನು ದಾಟುವಂಥದ್ದು. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಆಚೆ ಬದಿಯ ಇಳಿಜಾರಿನಲ್ಲಿ, ನಡೆಯುವವರು ಉಳಿದುಕೊಳ್ಳಲೆಂದು ಕಟ್ಟಿದ ಒಂದು ಕಲ್ಲಿನ ಮನೆ ಮಾತ್ರ ಇದೆ. ದಾರಿ ತಪ್ಪದಿರಲೆಂದು ಉದ್ದಕ್ಕೂ ಆಳೆತ್ತರದ ಕಲ್ಲುಕಂಬಗಳನ್ನು ನೆಟ್ಟಿದ್ದಾರೆ.

ಹೊರಡುವ ಬೆಳಿಗ್ಗೆ, ತಪ್ಪಲಿನ ಲಾಡ್ಜಿನ ಮೆಟ್ಟಿಲಿಳಿಯುವಾಗ ಅತ್ತೆ ಗೋಡೆ ಹಿಡಿದು ನಿಂತದ್ದು ಸೊಸೆಯ ಕಣ್ಣಿಗೆ ಬಿತ್ತು. ತಲೆ ಸುತ್ತುತ್ತಿದೆಯೇ ಎಂದು ಕೇಳಿದರೆ ಇಲ್ಲ ಎಂದರು. ಮೊದಲ ಏರಿನಲ್ಲೂ ಹೆಜ್ಜೆ ಎಲ್ಲಿಡಲಿ ಎಂಬಂತೆ ಎರಡು ಮೂರು ಬಾರಿ ತಡವರಿಸಿದರು. ವಾಪಸ್ ಹೋಗೋಣ, ದಾರಿಯೇನು ಓಡಿಹೋಗುವುದಿಲ್ಲ ಎಂದಳು ಸೊಸೆ. ಅತ್ತೆಯ ಮುಖ ಗಂಟಾಯಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅತ್ತೆ ಒಂದು ಬಂಡೆಯ ಮೇಲೆ ಕೂತು, "ನೀನು ಮುಂದೆ ನಡಿ. ನನ್ನ ಪಾಡಿಗೆ ನಾನು ಬರ್ತೀನಿ. ಕಲ್ಲುಮನೆ ಹತ್ರ ಸಿಗೋಣ" ಎಂದರು.

ಬಿಟ್ಟು ಹೋಗಬಾರದಿತ್ತು. ಆದರೆ ಸೊಸೆಗೂ ಸಿಟ್ಟು ನೆತ್ತಿಗೇರಿತ್ತು. ಹಿಂದಿರುಗಿ ನೋಡದೆ ಬಿರಬಿರನೆ ಹತ್ತಿದಳು.

ಕಂಡಿ ದಾಟಿ ಆಚೆ ಇಳಿಯತೊಡಗಿದಾಗ ಮಂಜು ಕವಿಯಿತು. ಸುತ್ತಲಿನದೆಲ್ಲ ಅಳಿಸಿಹೋಗಿ, ಕಾಲ ಕೆಳಗಿನ ಒಂದು ಗೇಣು ದಾರಿ ಮಾತ್ರ ಉಳಿಯಿತು. ಅದನ್ನೇ ಹಿಡಿದು ನಡೆದಳು. ಸ್ವಲ್ಪ ದೂರದಲ್ಲಿ ಮಸುಕಾಗಿ ಒಂದು ಗೋಡೆ ಕಂಡಾಗ, ಸದ್ಯ ಕಲ್ಲುಮನೆ ಸಿಕ್ಕಿತು ಎಂದುಕೊಂಡಳು. ಹತ್ತಿರ ಹೋದರೆ ಚಾವಣಿಯಿಲ್ಲ, ಬಾಗಿಲಿಲ್ಲ. ಕುರಿ ಕೂಡುವ ಹಳೆಯ ದೊಡ್ಡಿ. ಅಲ್ಲೇ ಗೋಡೆಗೆ ಒರಗಿ ಅತ್ತೆಗಾಗಿ ಕಾದಳು. ಕಾದಷ್ಟೂ ಸಿಟ್ಟು ಇಳಿಯಿತು, ಭಯ ಏರಿತು. ತಲೆ ಸುತ್ತುವ ಹೆಂಗಸನ್ನು ಒಂಟಿಯಾಗಿ ಬಂಡೆಯ ಮೇಲೆ ಬಿಟ್ಟು ಬಂದಿದ್ದಳು. ಎಲ್ಲಿ ಬಿದ್ದರೋ, ಯಾವ ಕಡೆ ಹೋದರೋ. ಗಂಡನಿಗೆ ಯಾವ ಬಾಯಿಂದ ಹೇಳುವುದು?

ಎದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಳು. ಎಷ್ಟು ನಡೆದರೂ ಕಂಬ ಸಿಗಲಿಲ್ಲ. ಇಷ್ಟು ಹೊತ್ತು ಹಿಡಿದದ್ದು ಟಪಾಲು ದಾರಿಯನ್ನಲ್ಲ, ಕುರಿಗಳು ಓಡಾಡಿ ಬಿದ್ದ ಜಾಡನ್ನು ಎಂದು ಆಗ ಹೊಳೆಯಿತು. ಅದೂ ಸಡಿಲ ಕಲ್ಲುಗಳ ಇಳಿಜಾರಿನಲ್ಲಿ ಕರಗಿಹೋಗಿತ್ತು. ಒಂದು ಹೆಜ್ಜೆ ಇಟ್ಟಳು. ಪಾದದಡಿಯಿಂದ ಕಲ್ಲೊಂದು ಜಾರಿ ಉರುಳಿತು. ಅದು ಎಲ್ಲೋ ತಾಗಿ ನಿಲ್ಲುವ ಸದ್ದಿಗಾಗಿ ಕಾದಳು. ಸದ್ದೇ ಬರಲಿಲ್ಲ.

ಹಿಂದೆಯೂ ಹೋಗಲಾರದೆ ಮುಂದೆಯೂ ಹೋಗಲಾರದೆ ಬೆಟ್ಟಕ್ಕೆ ಆತುಕೊಂಡಳು. ಆಗ ಮಂಜಿನೊಳಗಿನಿಂದ, ಕೋಲಿನಿಂದ ಕಲ್ಲಿಗೆ ಬಡಿಯುವ ಟಕ್ ಟಕ್ ಸದ್ದು ಕೇಳಿಸಿತು. ಜೊತೆಗೆ ಅವಳನ್ನು ಕರೆಯುವ ದನಿ. ಇದ್ದಬದ್ದ ಉಸಿರೆಲ್ಲ ಒಟ್ಟುಮಾಡಿ, "ಅತ್ತೇ" ಎಂದಳು.

ಬಡಿತ ನಿಂತಿತು. "ನಿಲ್ಲು. ಅಲ್ಲಾಡ್ಬೇಡ. ಕಾಲ ಕೆಳಗೆ ಏನಿದೆ?"

"ಸಡಿಲ ಕಲ್ಲು. ಜಾರ್ತಿದೆ."

"ಅದರಾಚೆ?"

"ಏನೂ ಕಾಣಿಸ್ತಿಲ್ಲ."

"ಒಳ್ಳೇದಾಯ್ತು. ಆ ಕಡೆ ನೋಡ್ಬೇಡ." ದನಿಯಲ್ಲಿ ಒಂದಿಷ್ಟೂ ಆತುರವಿರಲಿಲ್ಲ. "ನಾನು ಕಂಬದ ಹತ್ರ ಇದೀನಿ, ನಿನಗಿಂತ ಮೇಲೆ. ಬೆಟ್ಟ ಬಲಗಡೆ ಇಟ್ಕೊ, ಬಲಗೈ ಊರು. ಕಾಲಿಟ್ಟು, ಕಲ್ಲು ನಿಂತ ಮೇಲೆ ಭಾರ ಬಿಡು. ನಿಧಾನಕ್ಕೆ ಬಾ ಮಗಳೇ. ಹಿಂದೆ ಯಾರೂ ಹಾರನ್ ಹೊಡೀತಿಲ್ಲ."

ಅಷ್ಟು ಭಯದಲ್ಲೂ ಸೊಸೆಗೆ ನಗು ಬಂದಂತಾಯಿತು. ಟಕ್ ಟಕ್ ಮತ್ತೆ ಶುರುವಾಯಿತು. ಆ ಸದ್ದಿನ ಕಡೆಗೆ ಹೆಜ್ಜೆ ಕಿತ್ತಿಟ್ಟಳು. ಕಲ್ಲು ಜಾರಿದಾಗಲೆಲ್ಲ ಮೇಲಿನಿಂದ "ತಡಿ" ಎನ್ನುವುದು, ನಿಂತ ಮೇಲೆ "ಹೂಂ, ಬಾ" ಎನ್ನುವುದು. ಒಂದೊಂದೇ ಪದ, ಆದರೆ ಈಗ ಅದು ಕೈಗೆ ಸಿಕ್ಕ ಹಗ್ಗದ ಹಾಗಿತ್ತು. ಕೊನೆಗೆ ಕಾಲ ಕೆಳಗೆ ಹುಲ್ಲು ಸಿಕ್ಕಿತು, ಮಂಜಿನಲ್ಲಿ ಬೂದುಬಣ್ಣದ ಕಂಬ ಮೂಡಿತು. ಪಕ್ಕದಿಂದ ಒಂದು ಕೈ ಚಾಚಿ ಬಂದು ಅವಳ ತೋಳನ್ನು ಬಿಗಿಯಾಗಿ ಹಿಡಿಯಿತು.

ಅತ್ತೆ ಸೊಸೆಯ ಮೊಣಕೈ, ಮಂಡಿ, ಗಲ್ಲ ಎಲ್ಲವನ್ನೂ, ಹೊಸ ಕಾರಿಗೆ ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಸೊಸೆ ಅವರ ಹೆಗಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನು ಸವರಿದರು.

ಕಲ್ಲುಮನೆಗೆ ಇಳಿಯುವ ದಾರಿಯುದ್ದಕ್ಕೂ ಸೊಸೆ ಅವರ ತೋಳು ಬಿಡಲಿಲ್ಲ. ನಡೆದದ್ದೇನೆಂದು ಅತ್ತೆ ಹೇಳುತ್ತಾ ಬಂದರು. ಕಂಬದಿಂದ ಕಂಬಕ್ಕೆ ನಡೆದು ಅವರು ನೆಟ್ಟಗೆ ಮನೆ ಮುಟ್ಟಿದ್ದರು. ನೋಡಿದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಮುಂದೆ ಹೋದವಳು ಎಲ್ಲಿ? ಹೋದ ದಾರಿಯನ್ನೇ ಮತ್ತೆ ಹತ್ತಿ, ಪ್ರತಿಯೊಂದು ಕಂಬಕ್ಕೂ ಕೋಲು ಬಡಿದು ಕೂಗುತ್ತಾ ಬಂದಿದ್ದರು.

"ಆ ತಲೆಸುತ್ತು ಇಟ್ಕೊಂಡು ಹೇಗೆ ಹತ್ತಿದ್ರಿ?"

ಅತ್ತೆ ಜೇಬಿನಿಂದ ಕನ್ನಡಕ ತೆಗೆದು ತೋರಿಸಿದರು. ಹೊಸದು, ಹತ್ತಿರದ್ದೂ ದೂರದ್ದೂ ಒಂದೇ ಗಾಜಿನಲ್ಲಿ. "ಮೆಟ್ಟಿಲು ನೋಡಿದ್ರೆ ಮೆಟ್ಟಿಲೇ ಎದ್ದು ಬರುತ್ತೆ. ನೀನು ಹೋದ ಮೇಲೆ ತೆಗೆದು ಜೇಬಿಗೆ ಹಾಕ್ದೆ, ನೆಲ ನೆಟ್ಟಗಾಯ್ತು."

"ಬೆಳಿಗ್ಗೆನೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ನನ್ನ ವಾಪಸ್ ಕರ್ಕೊಂಡು ಹೋಗ್ತಿದ್ದೆ. ಕಾರು ಕಲಿಸೋಳಿಗೇ ಕಣ್ಣು ಕಾಣ್ಸಲ್ಲ ಅಂತ ನಿನ್ನ ಗಂಡ ವರ್ಷವಿಡೀ ಆಡ್ಕೊಳ್ತಿದ್ದ."

ಸೊಸೆಯ ಎದೆಯ ಮೇಲಿಂದ ಬಂಡೆಗಲ್ಲು ಇಳಿಸಿದಂತಾಯಿತು. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಆಸ್ಪತ್ರೆ, ಸ್ಕ್ಯಾನು, ಏನೇನೋ ಕಟ್ಟಿಕೊಂಡು ಹೆದರಿದ್ದಳು. ಎಲ್ಲ ಒಂದು ಜೊತೆ ಗಾಜಿನ ಕೆಲಸ. ನಗಲು ಶುರುಮಾಡಿದವಳಿಗೆ ನಿಲ್ಲಿಸಲಾಗಲಿಲ್ಲ. ಅವಳನ್ನು ನೋಡಿ ಅತ್ತೆಗೂ ನಗು ಬಂತು. ಇಬ್ಬರೂ ದಾರಿಯ ನಡುವೆ ಹೊಟ್ಟೆ ಹಿಡಿದುಕೊಂಡು ನಿಂತರು.

ಕಲ್ಲುಮನೆಯಲ್ಲಿ ಕಬ್ಬಿಣದ ಒಲೆಯಿತ್ತು, ಮೂಲೆಯಲ್ಲಿ ಒಣಸೌದೆಯಿತ್ತು. ಅತ್ತೆ ಬೆನ್ನು ತಿರುಗಿಸಿ ಕೂತು ಬೆಂಕಿ ಹೊತ್ತಿಸುತ್ತಾ, ಮೆಲ್ಲಗೆ, "ಆ ಚಿಲಕ ನೋಡಿ ನನ್ನ ಜೀವವೇ ಬಾಯಿಗೆ ಬಂದಿತ್ತು ಕಣಮ್ಮ" ಎಂದರು. ತಪ್ಪು ನನ್ನದು, ಬಿಟ್ಟು ಹೋಗಬಾರದಿತ್ತು ಎಂದಳು ಸೊಸೆ. ಹೋಗು ಅಂದವಳು ನಾನೇ ತಾನೆ ಎಂದರು ಅತ್ತೆ. ಮತ್ತೆ ಆ ಮಾತು ಬೇಡ ಎಂಬಂತೆ ಬೇಯಿಸಿ ತಂದಿದ್ದ ಮೊಟ್ಟೆ ಸುಲಿದು, ಉಪ್ಪು ಹಚ್ಚಿ ಅವಳ ಕೈಗಿಟ್ಟರು.

ಚಹಾ ಕುಡಿದು ಅತ್ತೆ ಬೆಂಚಿನ ಮೇಲೆ ಅಡ್ಡಾದವರು ಗೊರಕೆ ಹೊಡೆಯತೊಡಗಿದರು. ಸೊಸೆ ಒದ್ದೆ ಕಾಲುಚೀಲಗಳನ್ನು ಒಲೆಯ ಮೇಲಿನ ತಂತಿಗೆ ಹಾಕಿ ಬಾಗಿಲು ತೆರೆದಳು. ಮಂಜು ಹರಿದಿತ್ತು. ಇಳಿಬಿಸಿಲಿನಲ್ಲಿ ನಾಳೆಯ ದಾರಿ ಕೆಳಗಿನ ಹೊಳೆಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲನ್ನು ಹಾಗೇ ತೆರೆದಿಟ್ಟು, ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಉಳಿದಿದ್ದ ಇನ್ನೊಂದು ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದಳು.