ಭಾವನಾಳನ್ನು ಕೇಳಿದವರು

ನನ್ನ ತಂಗಿ ಭಾವನಾ ಡಲ್ಲಾಸ್‌ನಿಂದ, ಬೇರೊಂದು ರಾಜ್ಯದಲ್ಲಿರುವ ನಮ್ಮ ಕ್ರಾಸ್‌ರೋಡ್ಸ್ ಮನೆಗೆ ಬಂದಾಗ ಅವಳಿಗೆ ಐದು ತಿಂಗಳು ತುಂಬಿತ್ತು. ಮಗುವಿಗೆ ಎರಡೂ ಕಿಡ್ನಿ ಬೆಳೆದಿಲ್ಲ, ಅದರಿಂದ ಶ್ವಾಸಕೋಶವೂ ಬೆಳೆಯುವುದಿಲ್ಲ, ಹುಟ್ಟಿದರೂ ಉಸಿರಾಡಲಾರದು ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಗಿತ್ತು. ಟೆಕ್ಸಾಸ್‌ನ ಕಾನೂನಿನಲ್ಲಿ ಅಂಥ ಬಸಿರನ್ನೂ ತೆಗೆಸುವಂತಿಲ್ಲ. ಅಲ್ಲಿನ ಡಾಕ್ಟರು ದನಿ ತಗ್ಗಿಸಿ, ಬೇರೆ ರಾಜ್ಯಕ್ಕೆ ಹೋಗಿ ಎಂದಷ್ಟೇ ಹೇಳಿ ಕಳಿಸಿದ್ದರು. ನಮ್ಮ ರಾಜ್ಯದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಕ್ಕಿದವರ ಮುಂದೆಲ್ಲ ಒಂದೇ ಮಾತು: ಎಲ್ಲೋ ಕೂತ ಶಾಸಕರಿಗೆ ನನ್ನ ತಂಗಿಯ ಹೊಟ್ಟೆಯ ಉಸಾಬರಿ ಯಾಕೆ? ಅವಳೂ ಅವಳ ಗಂಡ ಸುಹಾಸನೂ ವೀಸಾದಲ್ಲಿರುವವರು, ಓಟು ಕೂಡ ಇಲ್ಲ. ಕೇಳಿ ಕೇಳಿ ನನ್ನ ಗಂಡನಿಗೆ ಆ ಭಾಷಣ ಬಾಯಿಪಾಠವಾಗಿತ್ತು.

ಸ್ಕ್ಯಾನಿಗೆ ಒಂದು ವಾರ ಮೊದಲೇ ಹಸಿರು ಬಳೆ ತೊಡಿಸುವ ಶಾಸ್ತ್ರ ಮುಗಿಸಿ, ಫೋಟೋಗಳನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಹಾಗಾಗಿ ಭಾನುವಾರದ ವಿಡಿಯೋ ಕಾಲ್‌ಗೆ ಯಾರನ್ನೂ ಕರೆಯಬೇಕಾಗಲಿಲ್ಲ, ಎಲ್ಲರೂ ತಾವೇ ಬಂದರು. ಅವಳ ಅತ್ತೆ ವಸಂತಲಕ್ಷ್ಮಿ, ಬಳೆ ತೊಡಿಸಿದ ಮೇಲೆ ಹೀಗೆಲ್ಲ ಮಾಡಬಾರದು, ಶಾಂತಿ ಮಾಡಿಸೋಣ ಎಂದರು. ಮೈಸೂರಿನಿಂದ ನಮ್ಮಮ್ಮ, ಬೇಗ ಮುಗಿಸಿ, ಮಂಗಳವಾರ ಮಾತ್ರ ಬೇಡ ಎಂದಳು. ಸೋದರಮಾವ ದ್ವಾರಕಾನಾಥ ಇನ್ನೊಬ್ಬ ಡಾಕ್ಟರನ್ನು ಕೇಳಿ ಎಂದ. ಸುಹಾಸ ಮ್ಯೂಟ್‌ನಲ್ಲಿದ್ದ. ಕೊನೆಗೆ ನಾನು ಎಲ್ಲರ ಬಾಯಿ ಮುಚ್ಚಿಸಿದೆ. ಬುಧವಾರಕ್ಕೆ ಕ್ಲಿನಿಕ್ ಬುಕ್ ಆಗಿದೆ, ಶನಿವಾರ ಅವಳ ವಾಪಸ್ ಫ್ಲೈಟ್, ಇನ್ನು ಚರ್ಚೆ ಬೇಡ ಎಂದೆ. ಗೆದ್ದಷ್ಟು ಖುಷಿಯಾಯಿತು. ಭಾವನಾ ನನ್ನ ಪಕ್ಕದಲ್ಲೇ ಸುಮ್ಮನೆ ಕೂತಿದ್ದಳು. ಚಿಕ್ಕಂದಿನಿಂದಲೂ ಅವಳ ಪರವಾಗಿ ಮಾತಾಡುವವಳು ನಾನೇ.

ಬುಧವಾರ ಕ್ಲಿನಿಕ್ಕಿನ ವಯಸ್ಸಾದ ನರ್ಸ್ ಒಬ್ಬಾಕೆ ನನ್ನನ್ನು ಹೊರಗೆ ಕೂರಲು ಹೇಳಿದಳು. ನಾನು ಇವಳ ಅಕ್ಕ, ಎಲ್ಲ ನನಗೇ ಗೊತ್ತು ಎಂದೆ. ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಯ ಮೇಲೆ ಭಾವನಾ ಹೊರಬಂದಾಗ ಅವಳ ಕಣ್ಣು ಊದಿಕೊಂಡಿದ್ದವು.

“ಇವತ್ತಲ್ಲ ಅಕ್ಕ. ಶುಕ್ರವಾರ ಬರ್ತೀನಿ ಅಂತ ಹೇಳಿದೀನಿ.”

ಶನಿವಾರದ ಫ್ಲೈಟ್, ನನ್ನ ರಜೆ ಅಂತ ನಾನು ಶುರು ಮಾಡಿಯೇ ಬಿಟ್ಟೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

“ನಿಂಗೇನು ಬೇಕು ಅಂತ ಆ ನರ್ಸ್ ಕೇಳಿದ್ರು. ಇಷ್ಟು ದಿನದಲ್ಲಿ ಯಾರೂ ಕೇಳಿರ್ಲಿಲ್ಲ. ನೀನೂ ಕೇಳ್ಲಿಲ್ಲ.”

ಶಾಸಕರನ್ನು ಬೈಯುತ್ತಲೇ ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಬಹಳ ನಾಚಿಕೆಯಾಯಿತು. ತಡವಾಗಿಯಾದರೂ, ಏನು ಬೇಕು ಎಂದು ಕೇಳಿದೆ.

“ತೆಗೆಸ್ಕೊಳ್ಳೋದೇ. ಅದು ಉಸಿರಿಗೆ ಒದ್ದಾಡೋದನ್ನ ನಾನು ನೋಡಲಾರೆ. ಆದ್ರೆ ಇನ್ನೆರಡು ದಿನ ನನ್ನ ಹತ್ರ ಇರ್ಲಿ ಅಕ್ಕ. ನೀವೆಲ್ಲ ಮಾತಾಡಿದ್ದೇ ಆಯ್ತು. ನಾನು ಅದ್ರ ಜೊತೆ ಒಂದ್ಸಲಾನೂ ಮಾತಾಡಿಲ್ಲ.”

ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಅಮ್ಮನ ಕಾಲ್ ಬಂತು, ನಾನು ಎತ್ತಲಿಲ್ಲ. ಫೋನ್ ಸುಮ್ಮನಾದ ಮೇಲೆ ಹಿಂದಿನಿಂದ ಅವಳ ಸಣ್ಣ ದನಿ ಕೇಳಿಸಿತು.

“ನಾನು ಕಣೋ, ಭಾವನಾ. ನಿನ್ನಮ್ಮ.”