ಹರಿಯಲೆಂದು ತೆಗೆದ ಕೋಟು

"ನೋಡಿ, ನಮ್ಮಣ್ಣ ಕೈಯಾರೆ ಹೊಲಿದ ಕೋಟನ್ನೇ ಹರಿಸ್ಕೊಂಡಿದಾಳೆ," ಎನ್ನುತ್ತ ತೋಯಾ ಅತ್ತೆ ಓಸ್ನತ್‌ಳ ಎದೆಯ ಎಡಗಡೆ ಜೋತಾಡುತ್ತಿದ್ದ ಹರಕನ್ನು ಎತ್ತಿ, ಮಾತಾಡಿಸಲು ಬಂದವರಿಗೆ ತೋರಿಸಿದಳು. "ಈಗಿನ ಮಕ್ಕಳು ಹೆತ್ತವರು ಸತ್ರೆ ಮೂಲೇಲಿ ಬಿದ್ದಿರೋ ಅಂಗಿ ಹುಡುಕ್ಕೊಂಡು ಬರ್ತಾರೆ. ಇವಳನ್ನ ನೋಡಿ."

ಬಂದವರು ತಲೆದೂಗಿದರು. ನೆಲದ ಹಾಸಿಗೆಯ ಮೇಲೆ ಕೂತಿದ್ದ ಓಸ್ನತ್‌ಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಅಪ್ಪ ಸಾಸೂನ್ ಹೊಲಿದುಕೊಟ್ಟ ಕೋಟು ಅದು. ಇಸ್ರೇಲಿನ ರಾಮತ್ ಗಾನ್‌ನ ಆ ಬೀದಿಯಲ್ಲಿ ಅವನಂಥ ದರ್ಜಿ ಇರಲಿಲ್ಲ, ಆದರೆ ಅವನ ಕತ್ತರಿ ಮಾತ್ರ ಹುಟ್ಟೂರು ಬಾಗ್ದಾದನ್ನು ಬಿಟ್ಟು ಬಂದಿರಲೇ ಇಲ್ಲ. ಅಗಲವಾದ ಭುಜ, ಅಂಗೈಯಷ್ಟು ದೊಡ್ಡ ಕಾಲರು. ಇದನ್ನು ಹಾಕಿಕೊಂಡು ಹೋದರೆ ಜೊತೆಯವರು ಆಡಿಕೊಳ್ಳುತ್ತಾರೆಂದು ಅವಳು ಅಂಗಡಿಯಿಂದ ಬೇರೆ ಕೋಟು ತಂದುಕೊಂಡಿದ್ದಳು.

ಅಪ್ಪ ತೀರಿಕೊಂಡ ಬೆಳಿಗ್ಗೆ, ಯೆಹೂದಿ ಪದ್ಧತಿಯಂತೆ ಹಾಕಿಕೊಂಡದ್ದನ್ನು ಸ್ಮಶಾನದಲ್ಲಿ ಹರಿಯುತ್ತಾರೆ, ಏಳು ದಿನವೂ ಅದರಲ್ಲೇ ಕೂರಬೇಕು ಎಂದು ಗೊತ್ತಿದ್ದೇ ಅವಳು ಬೀರು ತೆರೆದಳು. ಅಂಗಡಿಯ ಕೋಟಿನ ಮೇಲಿದ್ದ ಕೈ ಅಪ್ಪ ಹೊಲಿದ ಕೋಟಿನತ್ತ ಸರಿಯಿತು. ಇದು ಹೋದರೆ ಹೋಗಲಿ ಅಂದುಕೊಂಡಳು. ಪ್ರೀತಿ ಎಂದು ಊರೆಲ್ಲ ಕೊಂಡಾಡುತ್ತಿದ್ದುದು ಇಷ್ಟೇ.

ಸ್ಮಶಾನದಲ್ಲಿ ಈ ಕೆಲಸ ಮಾಡುವ ಹೆಂಗಸು ಕಾಲರಿನ ಕೆಳಗೆ ಚಾಕುವಿನಿಂದ ಸೀಳಿ, "ಇನ್ನು ನೀನೇ ಎಳಿ," ಅಂದಿದ್ದಳು. ಬಟ್ಟೆ ಜಪ್ಪಯ್ಯ ಅನ್ನಲಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು ಜಗ್ಗಬೇಕಾಯಿತು. ನೋಡಿದವರು ದುಃಖದ ರಭಸ ಅಂದುಕೊಂಡು ಇನ್ನಷ್ಟು ಅತ್ತರು. ಸಾವಿನ ಮನೆಯೆಂದು ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದೇ ಅವಳ ಪುಣ್ಯ.

ಬಂದವರು ಮಧ್ಯಾಹ್ನ ಎದ್ದರು. ತೋಯಾ ಅತ್ತೆ ಅವರನ್ನು ಕಳಿಸಲು ಮೆಟ್ಟಿಲವರೆಗೆ ಹೋದಳು. ಅಮ್ಮ ಹಬೀಬಾ, ಬೇಯಿಸಿದ ಮೊಟ್ಟೆಯ ತಟ್ಟೆಯನ್ನು ಮಗಳ ಕಡೆ ಸರಿಸಿದಳು.

"ಅಮ್ಮ, ಈ ಕೋಟು..."

"ಗೊತ್ತು ಬಿಡು."

"ಏನು ಗೊತ್ತು?"

"ಸ್ಮಶಾನದಲ್ಲಿ ನಿನ್ನ ಜೇಬಿಗೆ ಕರವಸ್ತ್ರ ಇಡೋಕೆ ಹೋದೆ. ಒಳಕ್ಕೇ ಹೋಗ್ಲಿಲ್ಲ. ಹೊಸ ಕೋಟಿನ ಆಕಾರ ಕೆಡದೇ ಇರ್ಲಿ ಅಂತ ನಿಮ್ಮಪ್ಪ ಜೇಬಿನ ಬಾಯಿಗೆ ಹಾಕಿದ್ದ ಹೊಲಿಗೆ ಹಾಗೇ ಇತ್ತು. ಒಂದ್ಸಲಾನೂ ಹಾಕಿಲ್ಲ ನೀನು."

ಓಸ್ನತ್‌ಳ ಬೆರಳು ಆ ಹೊಲಿಗೆಯನ್ನು ಹುಡುಕಿತು. "ಅಪ್ಪನಿಗೆ ಗೊತ್ತಿತ್ತಾ?"

"ದಿನಾ ಅವರ ಅಂಗಡಿ ಮುಂದೇನೇ ಅಲ್ವಾ ನೀನು ಬಸ್ಸಿಗೆ ಹೋಗ್ತಿದ್ದಿದ್ದು," ಅಂದಳು ಅಮ್ಮ. "ಆ ತೆಳ್ಳನೆ ಕೋಟಲ್ಲಿ ಮಗೂಗೆ ಚಳಿ ಆಗತ್ತೆ ಅಂತಿದ್ರು. ಬೇರೇನೂ ಅಂದಿದ್ದಿಲ್ಲ."

ಅಪ್ಪ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾಚಿಕೆಯಿಂದ ಅವಳಿಗೆ ಅಮ್ಮನ ಕಡೆ ನೋಡಲಾಗಲಿಲ್ಲ.

ಅಷ್ಟರಲ್ಲಿ ತೋಯಾ ಅತ್ತೆ ನೆರೆಯ ಹೆಂಗಸರಿಬ್ಬರನ್ನು ಕರೆದುಕೊಂಡು ಬಂದಳು. ಅವರು ಕೂರುವ ಮೊದಲೇ ಅವಳ ಕೈ ಆ ಹರಕಿನ ಮೇಲಿತ್ತು. "ನೋಡಿ, ನಮ್ಮಣ್ಣ ಹೊಲಿದ..."

"ಅತ್ತೆ, ನಾನಿದನ್ನ ಒಂದಿನಾನೂ ಹಾಕಿರ್ಲಿಲ್ಲ," ಅಂದಳು ಓಸ್ನತ್. "ಹಾಕ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಹರಿದ್ರೂ ಪರವಾಗಿಲ್ಲ ಅಂತಲೇ ಇದನ್ನ ತೆಗೆದೆ."

ಹೆಂಗಸರು ನೆಲ ನೋಡಿದರು. ತೋಯಾ ಅತ್ತೆ ಹರಕನ್ನು ಬಿಡಲಿಲ್ಲ. ಅದನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಸವರಿದಳು. ಕೈ ತೆಗೆದಾಗ ಅದು ಮತ್ತೆ ಜೋತುಬಿತ್ತು. ಅವಳು ಮತ್ತೆ ಸವರಿದಳು.