ನೀಲಿಮಾಬಾಯಿಯ ಧಾರಾಳ ಕ್ಷಮೆ

ಭೋಸರಿಯ ಕನ್ನಡ ಕ್ರೈಸ್ತ ಸಭೆಯಲ್ಲಿ ಕ್ಷಮಿಸುವುದರಲ್ಲಿ ನೀಲಿಮಾಬಾಯಿ ಸವದತ್ತಿಯವರನ್ನು ಮೀರಿಸಿದವರಿರಲಿಲ್ಲ. ಮರಾಠಿ ಆರಾಧನೆ ಮುಗಿದು ಆ ಜನ ಹೊರಬಿದ್ದ ಮೇಲೆ ಅದೇ ದೇವಾಲಯ ಕನ್ನಡದವರ ಪಾಲಿಗೆ ಬರುತ್ತಿತ್ತು. ಹಾಡು, ಪ್ರಾರ್ಥನೆ ಆಗಿ ಪಾಸ್ಟರು "ಯಾರರೆ ಸಾಕ್ಷಿ ಹೇಳೋರಿದ್ರ ಹೇಳ್ರಿ" ಅನ್ನುವುದೇ ತಡ, ನೀಲಿಮಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು.

"ಕರ್ತನು ನನ್ನ ಪಾಪ ಮನ್ನಿಸ್ಯಾನ. ಹಂಗ ನಾನೂ ನಮ್ಮ ಕಲ್ಲವ್ವನ್ನ ಮನ್ನಿಸೀನಿ."

ಕಲ್ಲವ್ವ ಗದಗಿನ ಕಡೆಯವಳು, ವಿಧವೆ, ಬಟ್ಟೆ ಹೊಲಿದು ಬದುಕುವವಳು. ನೀಲಿಮಾಬಾಯಿಯ ಸಾಯಲಿ ಎಂಬ ಮರಾಠಿ ಹೆಸರಿನ ಮಗಳಿಗೆ ಬೆಳಗಾವಿಯ ಒಳ್ಳೆ ಮನೆತನದ ಸಂಬಂಧ ಕೂಡಿಬಂದಿತ್ತು. ಹುಡುಗಿಯ ಮನಸ್ಸು ಬೇರೆ ಕಡೆ ಇದೆ ಎಂದು ಯಾರೋ ಹುಡುಗನ ಕಿವಿಗೆ ಹಾಕಿದರು, ಸಂಬಂಧ ಮುರಿಯಿತು. ಹುಡುಗನ ಕಡೆಯವರಿಗೆ ಕಲ್ಲವ್ವ ದೂರದ ನೆಂಟಳು. ನೀಲಿಮಾಬಾಯಿಗೆ ಅಷ್ಟು ಸಾಕಾಯಿತು. ವಿಚಾರಿಸಲು ಹೋಗಲಿಲ್ಲ, ನೇರವಾಗಿ ಕ್ಷಮಿಸಿಬಿಟ್ಟರು.

ಮೊದಲ ಸಲ ಜನ ಕಣ್ಣೊರೆಸಿಕೊಂಡರು. ಆ ಕಣ್ಣೀರಿನ ರುಚಿ ನೀಲಿಮಾಬಾಯಿಗೆ ಹತ್ತಿತು. ಈಸ್ಟರಿಗೆ ಒಮ್ಮೆ, ಸುಗ್ಗಿಹಬ್ಬಕ್ಕೆ ಒಮ್ಮೆ, ಕ್ರಿಸ್‌ಮಸ್ಸಿಗೆ ತುಸು ವಿಸ್ತಾರವಾಗಿ ಕಲ್ಲವ್ವನಿಗೆ ಕ್ಷಮೆ ಸಿಗತೊಡಗಿತು. ಅವಳ ಅಪರಾಧ ಗೊತ್ತಿಲ್ಲದವರಿಗೂ ಗೊತ್ತಾಯಿತು. ಸಭೆಯ ಹೆಂಗಸರು ಬ್ಲೌಸು ಹೊಲಿಸಲು ಬೇರೆ ಕಡೆ ಹೋದರು. ಶಿಕ್ಷೆಯಾಗಿದ್ದರೆ ಎಂದೋ ಮುಗಿಯುತ್ತಿತ್ತು, ಈ ಕ್ಷಮೆಗೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಮುಂದೆ ಸಾಯಲಿ ತನಗೆ ಬೇಕಾದ ಸ್ವಪ್ನಿಲ್‌ನನ್ನೇ ಮದುವೆಯಾದಳು. ಈ ಸಲ ಈಸ್ಟರಿಗೆ ತವರಿಗೆ ಬಂದವಳು ಕರ್ಚಿಕಾಯಿಗೆ ಹೂರಣ ತುಂಬುತ್ತ ಕೂತಿದ್ದಾಗ, ತಾಯಿ ಕನ್ನಡಿಯ ಮುಂದೆ ಸಾಕ್ಷಿ ಒಪ್ಪಿಸುತ್ತಿರುವುದು ಕೇಳಿಸಿತು.

"ಅವ್ವಾ, ಆ ಹುಡುಗಗ ಫೋನ್ ಮಾಡಿ ಹೇಳಿದಾಕಿ ನಾನ. ಕಲ್ಲವ್ವ ಮೌಶಿಗೆ ಏನೂ ಗೊತ್ತಿರಲಿಲ್ಲ."

ನೀಲಿಮಾಬಾಯಿ ಕನ್ನಡಿ ಬಿಟ್ಟು ತಿರುಗಿದರು. "ಇಷ್ಟ ದಿನಾ ಯಾಕ ಸುಮ್ಮನಿದ್ದಿ?"

"ಅಕಿನ್ನ ಕ್ಷಮಿಸಿ ನೀ ಭಾಳ ಸುಖವಾಗಿದ್ದಿ. ನನ್ನೂ ಹಂಗ ಕ್ಷಮಿಸಾಕ ಹತ್ತಿದ್ರ ಏನ್ ಮಾಡ್ಲಿ ಅಂತ ಹೆದರಿದ್ದೆ."

ನೀಲಿಮಾಬಾಯಿಗೆ ಮೊದಲು ನೆನಪಾದದ್ದು ಕಲ್ಲವ್ವನಲ್ಲ, ಭಾನುವಾರ. ಇನ್ನೇನು ಹೇಳುವುದು? ಮೊಣಕಾಲೂರಿದರು. ಯಾವಾಗಲೂ ಅವರ ಮಾತಿಗೆ ಹೂಂಗುಟ್ಟುತ್ತಿದ್ದ ದೇವರು ಅಂದು ಏನೂ ಹೇಳಲಿಲ್ಲ.

ಸಂಜೆ ಕಲ್ಲವ್ವನ ಮನೆಗೆ ಹೋದರು.

"ಏನೋ ತಪ್ಪು ತಿಳುವಳಿಕಿ ಆಗಿತ್ತು ಕಲ್ಲವ್ವಾ. ಒಬ್ಬರಿಗೊಬ್ಬರು ಕ್ಷಮಿಸಿಬಿಡೂಣು."

ಕಲ್ಲವ್ವ ಮಷೀನು ನಿಲ್ಲಿಸಿದಳು. "ಒಬ್ಬರಿಗೊಬ್ಬರು ಅಂದ್ರ? ನಾ ಏನ್ ಮಾಡೀನ್ರಿ?"

ನೀಲಿಮಾಬಾಯಿ ಮನಸ್ಸಿನಲ್ಲೇ ತಡಕಾಡಿದರು. ಒಂದು ಸಣ್ಣ ತಪ್ಪಾದರೂ ಸಿಕ್ಕೀತೆಂದು ನೋಡಿದರು. ಸಿಗಲಿಲ್ಲ. "ಏನೂ ಇಲ್ಲ. ಮಾಡಿದ್ದೆಲ್ಲಾ ನಾನ."

"ದೇವರ ದಯಾ ಭಾಳ ದೊಡ್ಡದರಿ, ಅವ ಲಗೂನ ಮನ್ನಿಸ್ತಾನ. ನನಗ ಸ್ವಲ್ಪ ದಿನಾ ಹಿಡೀತದ. ಚಹಾ ಕುಡೀರಿ."

ಅಲ್ಲಿಯವರೆಗೆ ನೀಲಿಮಾಬಾಯಿಯನ್ನು ಕ್ಷಮಿಸಲು ಯಾರೂ ಸಮಯ ಕೇಳಿರಲಿಲ್ಲ. ಚಹಾ ಔಷಧಿಯಂತೆ ಇಳಿಯಿತು.

ಭಾನುವಾರ ಅವರು ಸೆರಗು ಸರಿಮಾಡಿಕೊಳ್ಳದೆಯೇ ಎದ್ದು ನಿಂತರು. "ಕಲ್ಲವ್ವ ಏನೂ ಮಾಡಿರಲಿಲ್ಲ. ದೇವರ ಮನ್ಯಾಗ ನಿಂತು ಅಕಿ ಹೆಸರು ಕೆಡಿಸಿದಾಕಿ ನಾನು."

ಪಾಸ್ಟರು ಎರಡೂ ಕೈ ಎತ್ತಿ, "ಎಂಥಾ ದೀನತೆ ನೋಡ್ರಿ, ನಮಗೆಲ್ಲಾ ಮಾದರಿ" ಅಂದರು. ಸಭೆಯೆಲ್ಲ ಆಮೆನ್ ಅಂದಿತು. ಪಕ್ಕದ ಹೆಂಗಸು ನೀಲಿಮಾಬಾಯಿಯ ಕೈ ಹಿಡಿದು ಅತ್ತಳು. ಕಲ್ಲವ್ವನ ಕಡೆ ಒಬ್ಬರೂ ತಿರುಗಲಿಲ್ಲ. ನೀಲಿಮಾಬಾಯಿಗೆ ಎದೆ ತುಂಬಿ ಬಂತು. ಆ ಹಿತ ತೀರ ಪರಿಚಯದ್ದು ಅನ್ನಿಸಿದೊಡನೆ ಭಯವಾಯಿತು.

"ನನ್ನ ಹೊಗಳಬ್ಯಾಡ್ರಿ ಪಾಸ್ಟರ್. ಅಕಿನ್ನ ಮಾತಾಡಸ್ರಿ."

ಪಾಸ್ಟರು ಕೆಮ್ಮಿ, ಪುಸ್ತಕ ತಿರುವಿ, ಕೊನೆಯ ಕೀರ್ತನೆ ಹಾಡೋಣ ಅಂದರು.

ಗೇಟಿನ ಹೊರಗೆ ಕಲ್ಲವ್ವ ರಿಕ್ಷಾ ನಿಲ್ಲಿಸಿದ್ದಳು. "ಬರ್ತೀರೇನ್ರಿ? ನಿಮ್ಮ ಮನಿ ದಾಟೇ ಹೋಗೂದು."

ನೀಲಿಮಾಬಾಯಿ ಹತ್ತಿ ಕೂತು ಮೆಲ್ಲಗೆ ಕೇಳಿದರು. "ಮನ್ನಿಸಿದೇನು?"

"ಇನ್ನೂ ಇಲ್ಲ. ಆ ಕಡೆ ಸರೀರಿ, ನನಗೂ ಜಾಗಾ ಬೇಕು."

ನೀಲಿಮಾಬಾಯಿ ಸರಿದು ಕೂತರು.